ಹಳೆಯ ಡೀಸೆಲ್ ಫೋರ್‌ವೀಲ್ ಜೀಪು ಕೊಳ್ಳುವ ಮುನ್ನ ನೋಡಬೇಕಾದದ್ದು

ವಯನಾಡಿನ ಕಾಫಿ ತೋಟ, ನೀಲಗಿರಿಯ ಟೀ ಎಸ್ಟೇಟು, ಕಾಸರಗೋಡಿನ ಅಡಿಕೆ ತೋಟದ ಇಳಿಜಾರು, ತಾಳವಾಡಿಯ ಬೆಟ್ಟದಂಚಿನ ಹೊಲ, ಆದವಾನಿಯ ಎರೆಮಣ್ಣಿನ ದಾರಿ. ಮಳೆಗಾಲದಲ್ಲಿ ಇಲ್ಲೆಲ್ಲ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಹೊಸದು ಎಲ್ಲರ ಕೈಗೆಟಕುವುದಿಲ್ಲ. ಹೀಗಾಗಿ ಹಳೆಯ ಮಹೀಂದ್ರ ಎಂಎಂ 540, 2010ರಿಂದ 2020ರವರೆಗೆ ಬಂದ ಮೊದಲ ತಲೆಮಾರಿನ ಥಾರ್, ಫೋರ್‌ವೀಲ್ ಬೊಲೆರೊ ಮತ್ತು ಸ್ಕಾರ್ಪಿಯೊ, ಟಾಟಾ ಸಫಾರಿ ಇವುಗಳನ್ನು ಹುಡುಕುವವರು ನಮ್ಮಲ್ಲಿ ಬಹಳ. ಗಡಿಯ ಊರುಗಳಲ್ಲಿ ಗಾಡಿ ಸಿಗುವುದು ಒಂದು ರಾಜ್ಯದಲ್ಲಿ, ಓಡುವುದು ಇನ್ನೊಂದು ರಾಜ್ಯದಲ್ಲಿ. ಸದಸ್ಯರ ಉಪಯೋಗಕ್ಕೆಂದು ಈ ಮಾಹಿತಿ.

ಒಂದು ಮಾತು ಮೊದಲೇ ತಿಳಿದಿರಲಿ. ಎಂಜಿನ್ ಕೆಟ್ಟರೆ ದುರಸ್ತಿಗೆ ಒಂದು ಲೆಕ್ಕವಿದೆ. ಚಾಸಿ ಕೊಳೆತಿದ್ದರೆ, ಕಾಗದ ಸರಿಯಿಲ್ಲದಿದ್ದರೆ ಲೆಕ್ಕವೇ ಇಲ್ಲ. ಆದ್ದರಿಂದ ನೋಡುವ ಕ್ರಮ ಹೀಗಿರಲಿ: ಮೊದಲು ಕಾಗದ, ಆಮೇಲೆ ಚಾಸಿ, ಕೊನೆಗೆ ಎಂಜಿನ್. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಎಂಜಿನ್ ಸದ್ದಿಗೆ ಮನಸೋತು ಮುಂಗಡ ಕೊಟ್ಟ ಮೇಲೆ ಆರ್‌ಸಿ ಕೇಳುತ್ತಾರೆ.

ಕಾಗದಪತ್ರ

ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಗಾಡಿಯ ಮೇಲೆ ಕೊರೆದಿರುವ ನಂಬರಿನ ಜೊತೆ ನೀವೇ ಹೋಲಿಸಿ. ಅಂಕಿಗಳ ಸಾಲು ಓರೆಕೋರೆಯಾಗಿದ್ದರೆ, ಸುತ್ತ ಉಜ್ಜಿದ ಗುರುತು ಅಥವಾ ಅಲ್ಲಿ ಮಾತ್ರ ಹೊಸ ಬಣ್ಣ ಇದ್ದರೆ ಅಲ್ಲಿಗೇ ನಿಲ್ಲಿಸಿ.

ಹಳೆಯ ಜೀಪುಗಳಲ್ಲಿ ಎಂಜಿನ್ ಬದಲಾಯಿಸುವುದು ತೀರ ಸಾಮಾನ್ಯ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ, ಎರಡು ಚಕ್ರ ಎಳೆಯುವುದನ್ನು ನಾಲ್ಕಕ್ಕೆ ಮಾರ್ಪಡಿಸಿರುತ್ತಾರೆ. ಕೆಲಸ ಚೆನ್ನಾಗಿಯೇ ಆಗಿರಬಹುದು. ಆದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು. ದಾಖಲಾಗದ ಮಾರ್ಪಾಡು ಇದ್ದರೆ ವರ್ಗಾವಣೆ ಮತ್ತು ನವೀಕರಣದ ತಪಾಸಣೆಯಲ್ಲಿ ಗಾಡಿ ನಿಲ್ಲುತ್ತದೆ, ಅಪಘಾತವಾದರೆ ವಿಮೆಯವರೂ ಪ್ರಶ್ನಿಸುತ್ತಾರೆ. ಮಿಲಿಟರಿ ಹರಾಜಿನ ಜೀಪು ಎಂದು ಹೇಳಿದರೆ ಹರಾಜಿನ ಕಾಗದವನ್ನೂ ಕೇಳಿ ನೋಡಿ.

ಖಾಸಗಿ ಗಾಡಿಯ ನೋಂದಣಿಗೆ 15 ವರ್ಷದ ಅವಧಿ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರು, ಜೀಪುಗಳ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ ಈಗ ಅದಕ್ಕಿಂತಲೂ ಹೆಚ್ಚು. ಇದರ ಮೇಲೆ ಹಸಿರು ತೆರಿಗೆ ಬೇರೆ ಇರುತ್ತದೆ. 14 ವರ್ಷದ ಗಾಡಿಗೆ ಬೆಲೆ ಕಟ್ಟುವಾಗ ಮುಂದಿನ ವರ್ಷದ ಈ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಗಾಡಿ ಬೇರೆ ರಾಜ್ಯದ್ದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರ್ಮ್ 28 ಬೇಕೇ ಬೇಕು. ಮಾಲೀಕತ್ವದ ವರ್ಗಾವಣೆಗೆ ಫಾರ್ಮ್ 29 ಮತ್ತು 30. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರ್ಮ್ 35. ಕೊಂಡವರು 30 ದಿನದೊಳಗೆ ತಮ್ಮ ಆರ್‌ಟಿಒಗೆ ವರದಿ ಮಾಡಬೇಕು. 12 ತಿಂಗಳಿಗಿಂತ ಹೆಚ್ಚು ಕಾಲ ಹೊಸ ರಾಜ್ಯದಲ್ಲಿ ಇಡುವುದಾದರೆ ಅಲ್ಲಿನ ನಂಬರು ಪಡೆಯಬೇಕು. ರಸ್ತೆ ತೆರಿಗೆಯ ದರ ಮತ್ತು ಗಡುವು ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಬೆಲೆ ಮಾತಾಡುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಆ ಮೊತ್ತ ಕೇಳಿಕೊಳ್ಳಿ. ದೆಹಲಿ ಸುತ್ತ 10 ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಗಾಡಿಗಳು ದಕ್ಷಿಣಕ್ಕೆ ಬರುತ್ತಿವೆ. ಅಗ್ಗ ಕಂಡರೂ ಎನ್‌ಒಸಿ, ತೆರಿಗೆ, ಸಾಗಾಟ ಸೇರಿದರೆ ಅಗ್ಗ ಉಳಿಯುತ್ತದೆಯೇ ಎಂದು ನೋಡಿ.

ಬಾಕಿ ದಂಡ, ವಿಮೆ, ನೋಂದಣಿಯ ಸ್ಥಿತಿಯನ್ನು ವಾಹನ್ ಮತ್ತು ಪರಿವಾಹನ್ ತಾಣಗಳಲ್ಲಿ ನಂಬರು ಹಾಕಿ ನೋಡಬಹುದು. ಕರಾರುಪತ್ರ ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿದ್ದು ನಿಮಗೆ ಓದಲು ಬಾರದಿದ್ದರೆ, ಓದಬಲ್ಲ ಪರಿಚಿತರಿಂದ ಪೂರ್ತಿ ಓದಿಸಿ ಕೇಳದೆ ಸಹಿ ಹಾಕಬೇಡಿ.

ಚಾಸಿ ಮತ್ತು ಬಾಡಿ

ಒಂದು ಟಾರ್ಚು, ಒಂದು ಅಯಸ್ಕಾಂತ, ಹಳೆಯ ಚಾಪೆ, ಬಿಳಿ ಬಟ್ಟೆ ತೆಗೆದುಕೊಂಡು ಹಗಲಿನಲ್ಲಿ ಹೋಗಿ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅಡಿಯಲ್ಲಿ ನೋಡಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಎಂದಿಗೂ ಹೋಗಬೇಡಿ.

ತುಕ್ಕು ಹಿಡಿಯುವುದು ಮಣ್ಣು, ನೀರು ನಿಲ್ಲುವ ಕಡೆ: ಪಟ್ಟಿ ಸ್ಪ್ರಿಂಗು ಜೋಡಿಸುವ ಕೊಂಡಿಗಳ ಸುತ್ತ, ಬಾಡಿ ಕೂರುವ ಬ್ರಾಕೆಟ್ಟುಗಳಲ್ಲಿ, ಸ್ಟೇರಿಂಗ್ ಬಾಕ್ಸ್ ಬೋಲ್ಟು ಮಾಡಿರುವ ಜಾಗದಲ್ಲಿ, ಚಾಸಿಯ ಹಿಂದಿನ ತುದಿಯಲ್ಲಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಲೋಹ ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಮೇಲೆ ಕಾಣುವ ಕೆಂಪು ತುಕ್ಕು ದೊಡ್ಡದಲ್ಲ. ಪದರ ಪದರವಾಗಿ ಏಳುವ ತುಕ್ಕು, ಚಾಸಿಗೆ ಹಾಕಿದ ತೇಪೆ ವೆಲ್ಡಿಂಗು ಕಂಡರೆ ಬಿಟ್ಟುಬಿಡಿ. ಈಚೆಗೆ ಅಡಿಗೆಲ್ಲ ಕಪ್ಪು ಬಣ್ಣ ಬಳಿದಿದ್ದರೆ ಅದರ ಕೆಳಗೆ ಏನಿದೆ ಎಂದು ಕೇಳುವ ಹಕ್ಕು ನಿಮಗಿದೆ. ಅಯಸ್ಕಾಂತ ಅಂಟದ ಕಡೆ ತಗಡಿಲ್ಲ, ಪುಟ್ಟಿ ಇದೆ. ಕಾಲುಹಾಸು ಎತ್ತಿ ನೆಲದ ತಗಡು ನೋಡಿ.

ಗಾಡಿ ಎಲ್ಲಿ ದುಡಿದಿದೆ ಎಂಬುದೂ ಮುಖ್ಯ. ಕಡಲ ಬದಿಯ ಗಾಡಿಗೆ ಉಪ್ಪುಗಾಳಿಯ ತುಕ್ಕು. ಜತ್, ಸೊಲ್ಲಾಪುರದ ಕಡೆಯದ್ದಕ್ಕೆ ಧೂಳು. ಏರ್ ಫಿಲ್ಟರ್ ನಿರ್ಲಕ್ಷಿಸಿದ್ದರೆ ಎಂಜಿನ್ನಿನ ರಿಂಗು ಬೇಗ ಸವೆದಿರುತ್ತದೆ. ಎರೆಮಣ್ಣಿನಲ್ಲಿ ಓಡಿದ್ದರೆ ಅಂಟಿದ ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ.

ಎಂಜಿನ್

ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬರುವ ಸಮಯ ಮೊದಲೇ ಹೇಳಿ, "ಸ್ಟಾರ್ಟ್ ಮಾಡಿ ಇಡಬೇಡಿ" ಎಂದು ತಿಳಿಸಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ.

ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ನೀರಿನ ಮೇಲೆ ಎಣ್ಣೆಯ ಪದರ ಇರಬಾರದು. ಬಿಸಿಯಾದ ಮೇಲೆ ಆ ಮುಚ್ಚಳ ಮುಟ್ಟಬೇಡಿ. ಡಿಪ್‌ಸ್ಟಿಕ್ ಎಳೆದು ನೋಡಿ. ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಗಿರುವುದು ಸಹಜ, ಹಾಲು ಬೆರೆತ ಕಾಫಿಯಂತಿದ್ದರೆ ನೀರು ಸೇರಿದೆ.

ಹೊಗೆಯ ಬಣ್ಣ ಬಹಳ ಹೇಳುತ್ತದೆ. ಊಟಿಯ ಚಳಿಯಲ್ಲಿ ಸ್ಟಾರ್ಟ್ ಆದಾಗ ಒಂದಿಷ್ಟು ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ ಸುಡದ ಡೀಸೆಲ್ ಅಥವಾ ನೀರಿನ ಶಂಕೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಏರು ಹತ್ತುವಾಗ ದಟ್ಟ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಇಂಜೆಕ್ಟರ್, ಪಂಪು ಅಥವಾ ಟರ್ಬೊ ನೋಡಿಸಬೇಕು. ಐಡಲಿನಲ್ಲಿ ಓಡುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಲ್ಲಗೆ ತೆಗೆಯಿರಿ. ಸಣ್ಣ ಆವಿ ಇರಲಿ. ರೈಲಿನಂತೆ ಬುಸುಗುಟ್ಟುತ್ತ ಹೊಗೆ ಬಂದರೆ ರಿಂಗು, ಸಿಲಿಂಡರು ಸವೆದಿವೆ.

ಎಂಎಂ 540ರಂಥ ಹಳೆಯ ಗಾಡಿಗಳ ಪಂಪು ಯಾಂತ್ರಿಕ, ಪೇಟೆಯ ಪಂಪ್ ಅಂಗಡಿಯಲ್ಲೇ ರಿಪೇರಿಯಾಗುತ್ತದೆ. ಥಾರ್ ಸಿಆರ್‌ಡಿಇ ಮುಂತಾದ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇಂಜೆಕ್ಟರು, ಹೈ ಪ್ರೆಷರ್ ಪಂಪು ಹೋದರೆ ಖರ್ಚು ಬಹಳ. ಅಂಥ ಗಾಡಿಗೆ ಸ್ಕ್ಯಾನರ್ ಹಾಕಿಸಿ ನೋಡುವುದು ಒಳ್ಳೆಯದು.

ನಾಲ್ಕು ಚಕ್ರದ ಪರೀಕ್ಷೆ

ಲಿವರ್ ಎಳೆದರೆ ಡ್ಯಾಶಿನ ದೀಪ ಹತ್ತಿತು, ಆದ್ದರಿಂದ ಸರಿಯಿದೆ ಎನ್ನಬೇಡಿ. ಮುಂದಿನ ಚಕ್ರ ನಿಜಕ್ಕೂ ಎಳೆಯುತ್ತದೆಯೇ ನೋಡಬೇಕು. ಒಣ ಡಾಂಬರಿನ ಮೇಲೆ ಈ ಪರೀಕ್ಷೆ ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಈ ಗಾಡಿಗಳಲ್ಲಿ ಆ ವ್ಯತ್ಯಾಸ ಸರಿದೂಗಿಸುವ ನಡುವಿನ ಡಿಫರೆನ್ಷಿಯಲ್ ಇಲ್ಲ. ಚಕ್ರ ಜಾರದ ನೆಲದಲ್ಲಿ ಎಲ್ಲ ಒತ್ತಡ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ.

ಸಡಿಲ ಮಣ್ಣು ಅಥವಾ ಒದ್ದೆ ಹುಲ್ಲಿನ ಜಾಗಕ್ಕೆ ಹೋಗಿ. ಮುಂದಿನ ಹಬ್ಬುಗಳನ್ನು ಕೈಯಿಂದ ತಿರುಗಿಸಿ ಲಾಕ್ ಮಾಡುವ ಗಾಡಿಯಾದರೆ ಮೊದಲು ಲಾಕ್ ಮಾಡಿ. 4ಎಚ್ ಹಾಕಿ ನಿಧಾನ ನಡೆಸಿ, ಜೊತೆಯವರು ದೂರದಲ್ಲಿ ಪಕ್ಕಕ್ಕೆ ನಿಂತು ಮುಂಚಕ್ರ ಮಣ್ಣು ಕೆದರುತ್ತದೆಯೇ ನೋಡಲಿ. ಆಮೇಲೆ ಗಾಡಿ ಪೂರ್ತಿ ನಿಲ್ಲಿಸಿ 4ಎಲ್ ಹಾಕಿ ಏರು ಹತ್ತಿಸಿ. ಭಾರ ಬಿದ್ದಾಗ ಲಿವರ್ ತಾನಾಗಿ ಜಾರಿದರೆ, ಕಟಕಟ ಸದ್ದು ಬಂದರೆ ಟ್ರಾನ್ಸ್‌ಫರ್ ಕೇಸಿನ ಕೆಲಸವಿದೆ.

ಆಕ್ಸಲಿನ ಆಯಿಲನ್ನು ಸ್ವಲ್ಪ ತೆಗೆಸಿ ನೋಡಿ. ಹೊಳೆ ದಾಟುವಾಗ ಬಿಸಿ ಆಕ್ಸಲ್ ಫಕ್ಕನೆ ತಣಿಯುತ್ತದೆ, ಉಸಿರುಕೊಳವೆ ಮುಚ್ಚಿದ್ದರೆ ಸೀಲಿನ ಮೂಲಕ ನೀರು ಒಳಗೆ ಎಳೆಯುತ್ತದೆ. ಬಿಳಿಚಿದ ಆಯಿಲ್ ಅದರ ಗುರುತು. ನಾಲ್ಕೂ ಟೈರು ಒಂದೇ ಅಳತೆಯವೇ, ಒಂದೇ ಸಮ ಸವೆದಿವೆಯೇ ನೋಡಿ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಗುರುತಿನಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ: 3418 ಎಂದರೆ 2018ರ 34ನೇ ವಾರ.

ಓಡಿಸಿ ನೋಡುವಾಗ

ಕನಿಷ್ಠ ಅರ್ಧ ಗಂಟೆ ಓಡಿಸಿ. ಇಳಿಜಾರಿನಲ್ಲಿ ಎರಡನೇ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ಹಾರಬಾರದು. ಏರಿನಲ್ಲಿ ಮೇಲಿನ ಗೇರಿನಲ್ಲಿ ಒತ್ತಿದಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಗುಂಡಿ ಹಾರಿಸಿದ ಮೇಲೆ ಸ್ಟೇರಿಂಗ್ ನಡುಗಿ ನಿಲ್ಲದಿದ್ದರೆ ಕಿಂಗ್‌ಪಿನ್, ಬೇರಿಂಗು, ಕೊಂಡಿಗಳು ಸವೆದಿವೆ. ಬ್ರೇಕ್ ಹಾಕಿದಾಗ ಒಂದು ಪಕ್ಕಕ್ಕೆ ಎಳೆಯಬಾರದು. ಮರಳಿ ಬಂದು ಹತ್ತು ನಿಮಿಷ ನಿಲ್ಲಿಸಿ, ಕೆಳಗೆ ಏನು ತೊಟ್ಟಿಕ್ಕಿದೆ ನೋಡಿ.

ಹಣ ಕೊಡುವ ದಿನ

ನಿಮಗೆ ಗೊತ್ತಿರುವ ಮೆಕ್ಯಾನಿಕ್ಕನ್ನು ಅವರ ದಿನಗೂಲಿ ಕೊಟ್ಟು ಕರೆದೊಯ್ಯಿರಿ. ಮಾರುವವರು ಹೇಳಿದ ಮೆಕ್ಯಾನಿಕ್ ಬೇಡ. ಕಂಡ ದೋಷಗಳನ್ನು ಬರೆದು, ಬಿಡಿಭಾಗದ ಬೆಲೆ ಕೇಳಿ, ಆ ಮೊತ್ತ ಕಳೆದು ಮಾತಾಡಿ. ಎನ್‌ಒಸಿ ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ಮಾರುವ ಸದಸ್ಯರಿಗೂ ಒಂದು ಮಾತು. ಗಾಡಿ ಕೊಟ್ಟು, ಹಣ ಪಡೆದು, ಹೆಸರು ಬದಲಾಗದೆ ಉಳಿದರೆ ಅಪಘಾತದ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಗಡಿಯಾಚೆಗೆ ಹೋದ ಗಾಡಿಯ ಬೆನ್ನು ಹತ್ತುವುದು ಸುಲಭವಲ್ಲ. ಕೊಳ್ಳುವವರೂ ಮಾರುವವರೂ ಒಂದೇ ದಿನ ಕೂತು ಫಾರ್ಮುಗಳಿಗೆ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.