ಒಂದೇ ಯಂತ್ರದಿಂದ ಹಾಸ್ಟೆಲ್‌ಗೆ ಕರೆಂಟೂ ಫ್ರೀ, ಬಿಸಿನೀರೂ ಫ್ರೀ: ಇದು ನಿಜವೇ?

"ಕಾಲೇಜಿನಲ್ಲಿ ಒಂದು ಯಂತ್ರ ಕೂರಿಸಿದರೆ ಸಾಕು, ಕರೆಂಟ್ ಜೊತೆಗೆ ಬಿಸಿನೀರು ಉಚಿತ. ವಿದೇಶದ ವಿಶ್ವವಿದ್ಯಾಲಯಗಳೆಲ್ಲ ಇದನ್ನೇ ಮಾಡುತ್ತಿವೆ." ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಾಲೇಜು ಹಾಸ್ಟೆಲ್‌ಗಳಿಗೆ ಇದು ಹೊಂದುತ್ತದೆಯೇ ಎಂದು ಲೆಕ್ಕ ಹಾಕಿ ನೋಡೋಣ.

ಇದು ಏನು?

ಜನರೇಟರ್‌ಗೆ ಹಾಕಿದ ಡೀಸೆಲ್ ಪೂರ್ತಿ ಕರೆಂಟ್ ಆಗುವುದಿಲ್ಲ. ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿ ಮಾತ್ರ ವಿದ್ಯುತ್ ಆಗುತ್ತದೆ. ಉಳಿದದ್ದು ರೇಡಿಯೇಟರ್ ಮತ್ತು ಹೊಗೆ ಕೊಳವೆಯ ಮೂಲಕ ಶಾಖವಾಗಿ ಗಾಳಿಗೆ ಹೋಗುತ್ತದೆ. ಆ ಶಾಖವನ್ನು ಹಿಡಿದು ನೀರು ಕಾಯಿಸಲು ಬಳಸಿದರೆ ಅದೇ ಸಹ-ಉತ್ಪಾದನೆ, ಅಂದರೆ ಕೋ-ಜನರೇಷನ್. ತತ್ವ ನಿಜ. ಸಂದೇಶದಲ್ಲಿರುವ "ಉಚಿತ" ಎಂಬ ಪದ ಮಾತ್ರ ಸುಳ್ಳು.

ಎಲ್ಲಿ ಯಶಸ್ವಿಯಾಗಿದೆ?

ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. ಕುಕ್ಕುವಾಡದ ದಾವಣಗೆರೆ ಶುಗರ್ ಕಂಪನಿಯಲ್ಲಿ 24.45 ಮೆಗಾವ್ಯಾಟ್ ಸಾಮರ್ಥ್ಯದ ಸಹ-ವಿದ್ಯುತ್ ಘಟಕವಿದೆ. ಇಂಥ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಹಬೆ ಮಾಡುತ್ತಾರೆ. ಹಬೆ ಮೊದಲು ಟರ್ಬೈನ್ ತಿರುಗಿಸುತ್ತದೆ, ಆಮೇಲೆ ಕಬ್ಬಿನ ರಸ ಕುದಿಸುತ್ತದೆ. ಅಲ್ಲಿ ಇಂಧನ ಕೈಯಲ್ಲೇ ಇದೆ, ಹಂಗಾಮಿನಲ್ಲಿ ಹಗಲು ರಾತ್ರಿ ಶಾಖವೂ ಬೇಕು.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1996ರಿಂದ ಇಂಥ ವ್ಯವಸ್ಥೆಯಿದೆ. 2012ರ ಸ್ಯಾಂಡಿ ಚಂಡಮಾರುತದಲ್ಲಿ ಸುತ್ತಲ ಊರುಗಳು ಕತ್ತಲಾದಾಗಲೂ ಕ್ಯಾಂಪಸ್‌ನ ಬಹುಭಾಗಕ್ಕೆ ಕರೆಂಟ್ ಸಿಕ್ಕಿತು. ಆದರೆ ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಕಟ್ಟಡಗಳನ್ನು ದಿನವಿಡೀ ಬೆಚ್ಚಗಿಡಬೇಕು. ನಮ್ಮಲ್ಲಿ ಯಾವ ತರಗತಿಗೂ ಅದು ಬೇಕಿಲ್ಲ.

ನಮ್ಮ ಊರಿನ ಲೆಕ್ಕ

200 ವಿದ್ಯಾರ್ಥಿಗಳ ಹಾಸ್ಟೆಲ್ ಎಂದುಕೊಳ್ಳಿ. ತಲಾ ಒಂದು ಬಕೆಟ್, ಅಂದರೆ 20 ಲೀಟರ್ ಬಿಸಿನೀರು. ಒಟ್ಟು 4,000 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು 93 ಯೂನಿಟ್ ಶಾಖ ಬೇಕು.

- ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿಯಿದೆ. ಅದರಲ್ಲಿ ಸುಮಾರು 3.5 ಯೂನಿಟ್ ಕರೆಂಟ್ ಸಿಗುತ್ತದೆ. ಒಳ್ಳೆಯ ವ್ಯವಸ್ಥೆಯಿದ್ದರೆ ಇನ್ನು 4 ಯೂನಿಟ್ ಶಾಖ ಹಿಡಿಯಬಹುದು.
- 93 ಯೂನಿಟ್ ಶಾಖಕ್ಕೆ ದಿನಕ್ಕೆ ಸುಮಾರು 23 ಲೀಟರ್ ಡೀಸೆಲ್ ಬೇಕು.
- ಲೀಟರಿಗೆ 90 ರೂಪಾಯಿ ಎಂದರೆ ಖರ್ಚು 2,070 ರೂಪಾಯಿ. ಕರೆಂಟ್, ಶಾಖ ಎರಡನ್ನೂ ಕೂಡಿಸಿದರೂ ಯೂನಿಟ್ಟಿಗೆ ಹತ್ತಿರ ಹತ್ತಿರ 12 ರೂಪಾಯಿ ಬೀಳುತ್ತದೆ.

ಬೆಸ್ಕಾಂ ಕರೆಂಟಿಗೆ ನಿಮ್ಮ ಕಾಲೇಜು 8 ರೂಪಾಯಿ ಕೊಡುತ್ತಿದ್ದರೆ ಇದು ನಷ್ಟದ ಬಾಬ್ತು. ಯಂತ್ರದ ಬೆಲೆ, ರಿಪೇರಿ ಇದರಲ್ಲಿ ಸೇರಿಲ್ಲ.

ಹೊತ್ತಿನ ಸಮಸ್ಯೆಯೂ ಇದೆ. ಬಿಸಿನೀರು ಬೇಕಾಗುವುದು ಬೆಳಗಿನ ಜಾವ; ಲ್ಯಾಬು, ಕಂಪ್ಯೂಟರು, ಫ್ಯಾನು ಓಡುವುದು ಹತ್ತು ಗಂಟೆಯ ಮೇಲೆ. ರಜೆಯಲ್ಲಿ ಎರಡೂ ಬೇಡ. ಕರೆಂಟ್ ಹೋಗಿ ಹೇಗೂ ದಿನಾ ಕೆಲವು ಗಂಟೆ ಜನರೇಟರ್ ಓಡಿಸುವ ಕಡೆ ಮಾತ್ರ, ಅದರ ಶಾಖವನ್ನು ಟ್ಯಾಂಕಿನಲ್ಲಿ ಕೂಡಿಡುವುದು ನಿಜವಾದ ಉಳಿತಾಯ.

ಅಪಾಯ ಎಲ್ಲಿದೆ?

ಹಣ ಹೋದರೆ ಮತ್ತೆ ಬರಬಹುದು. ವಿಡಿಯೋ ನೋಡಿ ಜನರೇಟರ್‌ನ ಹೊಗೆ ಕೊಳವೆಯನ್ನು ಸ್ನಾನದ ಮನೆಯ ಪಕ್ಕಕ್ಕೆ ತಂದು ನೀರು ಕಾಯಿಸುವ ಪ್ರಯೋಗ ಜೀವಕ್ಕೇ ಮುಳುವು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಆಮ್ಲಜನಕ ಸಿಗದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಸೂಚನೆಗಳು. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ. ಗಾಳಿಯಾಡದ ಬಚ್ಚಲಿನಲ್ಲಿಟ್ಟ ಗ್ಯಾಸ್ ಗೀಸರ್‌ಗೂ, ಮುಚ್ಚಿದ ಕೋಣೆಯ ಕೆಂಡಕ್ಕೂ ಇದೇ ಎಚ್ಚರಿಕೆ. ಯಾರಿಗಾದರೂ ಹೀಗಾದರೆ ತಕ್ಷಣ ಹೊರಗಿನ ಗಾಳಿಗೆ ಕರೆತಂದು 108ಕ್ಕೆ ಕರೆ ಮಾಡಿ.

ಹಾಗಾದರೆ ಏನು ಮಾಡಬಹುದು?

ಸೋಲಾರ್ ವಾಟರ್ ಹೀಟರ್. 60 ಡಿಗ್ರಿ ನೀರಿಗೆ ತಣ್ಣೀರು ಬೆರೆಸಿಕೊಳ್ಳುವುದರಿಂದ ಮೇಲಿನ ಹಾಸ್ಟೆಲ್‌ಗೆ ಸುಮಾರು 2,300 ಲೀಟರ್ ಬಿಸಿನೀರು ಸಾಕು. 100 ಲೀಟರಿಗೆ 2 ಚದರ ಮೀಟರ್ ಫಲಕದಂತೆ 46 ಚದರ ಮೀಟರ್ ಬೇಕು. ಬಿಸಿಲಿನ ಜಗಳೂರಿಗೆ ಇದು ಚೆನ್ನಾಗಿ ಹೊಂದುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಆಗಾಗ ಸ್ವಚ್ಛ ಮಾಡಿಸಬೇಕು. ಮೋಡದ ದಿನಗಳಿಗೆ ಬೇರೆ ವ್ಯವಸ್ಥೆ ಇರಲಿ. ಅಡುಗೆಮನೆಯ ಉಳಿಕೆಯಿಂದ ಗೋಬರ್ ಗ್ಯಾಸ್ ಮಾದರಿಯ ಘಟಕವನ್ನೂ ಯೋಚಿಸಬಹುದು.

ನಮ್ಮ ತೀರ್ಮಾನ

ಸಂದೇಶ ಅರ್ಧ ಸತ್ಯ. ತಂತ್ರಜ್ಞಾನ ನಿಜ, ಆದರೆ ದಿನವಿಡೀ ಶಾಖ ಬೇಕಾದ ಕಡೆ ಮಾತ್ರ ಲಾಭ. ನಿಮ್ಮ ಕಾಲೇಜಿಗೆ ಯಾರಾದರೂ ಮಾರಲು ಬಂದರೆ ಮೂರು ಪ್ರಶ್ನೆ ಕೇಳಿ: ಇಂಧನ ಯಾವುದು, ಅದಕ್ಕೆ ತಿಂಗಳಿಗೆ ಎಷ್ಟು ಖರ್ಚು? ಶಾಖ ದಿನಕ್ಕೆ ಎಷ್ಟು ಗಂಟೆ ಬಳಕೆಯಾಗುತ್ತದೆ? ಹೊಗೆ ಎಲ್ಲಿಗೆ ಹೋಗುತ್ತದೆ? ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ.