ಬಿಡದಿಯ ಶಾಲಾಮಕ್ಕಳ ದವಡೆಹಲ್ಲು: ಹನ್ನೆರಡರಿಂದ ಹದಿನೈದರ ನಡುವಿನ ಚಿಕಿತ್ಸೆಯ ಅಗತ್ಯ

ಭಾರತೀಯ ದಂತ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 12ರ ವಯಸ್ಸಿನ ಮಕ್ಕಳಲ್ಲಿ ಶೇ. 53.8ರಷ್ಟು, 15ರವರಲ್ಲಿ ಶೇ. 63.1ರಷ್ಟು ಮಂದಿಗೆ ದಂತಕ್ಷಯವಿತ್ತು. ಈ ಅಂಕಿಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಆ ಮೂರು ವರ್ಷಗಳಲ್ಲಿ ಒಂದೇ ಹಲ್ಲಿಗೆ ಬೇಕಾದ ಚಿಕಿತ್ಸೆ ಎಷ್ಟು ಬದಲಾಗುತ್ತದೆ ಎಂಬುದು ಅವುಗಳಲ್ಲಿ ಕಾಣುವುದಿಲ್ಲ.

ಕ್ಲೈನ್, ಪಾಮರ್ ಮತ್ತು ನಟ್ಸನ್ 1938ರಲ್ಲಿ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಸೂಚ್ಯಂಕವು ಹುಳುಕಾದ, ಕಿತ್ತ, ತುಂಬಿಸಿದ ಹಲ್ಲುಗಳನ್ನು ಒಟ್ಟಿಗೆ ಕೂಡಿಸುತ್ತದೆ. ಹಲ್ಲು ಕೀಳಿಸಿಕೊಂಡ ಮಗುವಿಗೂ ಸಕಾಲದಲ್ಲಿ ತುಂಬಿಸಿಕೊಂಡ ಮಗುವಿಗೂ ಸಿಗುವ ಅಂಕ ಒಂದೇ. ಚಿಕಿತ್ಸೆಯ ಯೋಜನೆಗೆ ಇದೊಂದೇ ಸಾಲದು.

ಹೆಚ್ಚು ಪೆಟ್ಟು ತಿನ್ನುವುದು ಆರನೇ ವರ್ಷದ ಸುಮಾರಿಗೆ ಹುಟ್ಟುವ ಮೊದಲ ಶಾಶ್ವತ ದವಡೆಹಲ್ಲು. ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಹಿಂದೆ ಅದು ಸದ್ದಿಲ್ಲದೆ ಮೂಡುತ್ತದೆ. ಹಾಗಾಗಿ ತಾಯಂದಿರು ಅದನ್ನೂ ಹಾಲುಹಲ್ಲೆಂದೇ ತಿಳಿದು, ‘ಹುಳ ತಿಂದಿದೆ, ಬಿದ್ದು ಬೇರೆ ಬರುತ್ತೆ’ ಎಂದು ಸುಮ್ಮನಿರುತ್ತಾರೆ. ಬೇರೆ ಬರುವುದಿಲ್ಲ. ಅದರ ಮೇಲ್ಮೈಯ ಸೀಳುಗಳು ಬ್ರಷ್ಷಿನ ಎಳೆಗಿಂತ ಕಿರಿದು. ಅಲ್ಲಿ ಸಿಕ್ಕ ಸಿಹಿ ಆಮ್ಲವಾಗಿ ಪಿಎಚ್ 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಕರಗತೊಡಗುತ್ತದೆ. ಏಳನೇ ತರಗತಿಯಲ್ಲಿ ಕಪ್ಪು ಗೆರೆಯಷ್ಟೇ ಇದ್ದದ್ದು ಒಂದು ಮೇಲ್ಮೈಯನ್ನು ತುಂಬಿಸಿದರೆ ಮುಗಿಯುತ್ತಿತ್ತು. ಹತ್ತನೇ ತರಗತಿಯ ಹೊತ್ತಿಗೆ ಅದೇ ಹಲ್ಲು ಬೇರುನಾಳ ಚಿಕಿತ್ಸೆ ಬೇಡಬಹುದು, ಇಲ್ಲವೇ ಕೀಳಬೇಕಾಗಬಹುದು. ನೋವು ತಾಳಲಾರದೆ ಲವಂಗ ಕಚ್ಚಿಕೊಂಡು ಪಾಠ ಕೇಳುವ ಮಗುವಿನ ಸಂಕಟ ಯಾವ ಕೋಷ್ಟಕದಲ್ಲೂ ಇಲ್ಲ.

ಬಿಡದಿಯಲ್ಲಿ ಇನ್ನೊಂದು ತೊಡಕಿದೆ. ಟೊಯೊಟಾ ಕಾರ್ಖಾನೆಯ ಸುತ್ತ ಬೆಳೆದ ಈ ಕೈಗಾರಿಕಾ ಊರಿಗೆ ದುಡಿಯಲು ಬಂದವರ ಮಕ್ಕಳೂ ಇಲ್ಲಿ ಓದುತ್ತಾರೆ. ಮುಂಬದಿಯ ಶಾಶ್ವತ ಹಲ್ಲುಗಳ ಎನಾಮಲ್ ರೂಪುಗೊಳ್ಳುವುದು ಎಳೆಯ ವರ್ಷಗಳಲ್ಲಿ; ಆಗ ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹಲ್ಲಿಗೆ ಕಲೆ ಬೀಳುತ್ತದೆ. ಆದ್ದರಿಂದ ಹನ್ನೆರಡರ ಹುಡುಗಿಯ ಹಲ್ಲಿನ ಕಂದು ಕಲೆ ಬಿಡದಿಯ ಕೊಳವೆಬಾವಿಯದೇ ಆಗಬೇಕಿಲ್ಲ. ಅವಳು ಮಗುವಾಗಿದ್ದಾಗ ಕುಡಿದ ರಾಯಚೂರಿನ ಅಥವಾ ಪಾವಗಡದ ನೀರಿನದಾಗಿರಬಹುದು. ಹಾಗೆಂದು ಬಿಡದಿ ಇರುವ ರಾಮನಗರ ಸೀಮೆಯ ಕ್ಲೋಸ್‌ಪೇಟೆ ಗ್ರಾನೈಟಿನ ನೆಲವನ್ನು ಪರೀಕ್ಷೆಯಿಂದ ಬಿಡುವಂತಿಲ್ಲ. ಗಟ್ಟಿಶಿಲೆಯೊಳಗಿನ ನೀರಿಗೆ ಫ್ಲೋರೈಡ್ ಸೇರುವುದುಂಟು. ಭಾರತೀಯ ಮಾನಕದಲ್ಲಿ ಅದರ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಮಗು ಮೊದಲ ಎಂಟು ವರ್ಷ ಎಲ್ಲಿ ಬೆಳೆಯಿತು ಎಂದು ಕೇಳದ ಸಮೀಕ್ಷೆ ತಪ್ಪು ಊರನ್ನು ದೂರೀತು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ದಂತಕ್ಷಯವಿದೆ. ತಂಡ ಶಾಲೆಗೆ ಬಂದು ನೋಡಿ, ಆಸ್ಪತ್ರೆಗೆ ಚೀಟಿ ಕೊಟ್ಟು ಕಳಿಸುತ್ತದೆ. ದಿನಗೂಲಿಯ ತಂದೆಗೆ ಆ ಚೀಟಿಯೆಂದರೆ ಒಂದು ದಿನದ ಸಂಬಳ ಖೋತಾ. ಹೀಗಾಗಿ ಸಣ್ಣ ಹುಳುಕುಗಳಿಗಾದರೂ ಶಾಲೆಯ ಜಗಲಿಯಲ್ಲೇ ಚಿಕಿತ್ಸೆ ಆಗಬೇಕೆಂಬುದು ನನ್ನ ವಾದ. ಕರೆಂಟು, ಡ್ರಿಲ್ ಬೇಡದ ವಿಧಾನವಿದೆ: ಕೈ ಉಪಕರಣದಿಂದ ಮೆತ್ತಗಾದ ಭಾಗವನ್ನು ಕೆರೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವುದು. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡ ವಿಧಾನವಿದು. ಆ ಸಿಮೆಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬಿಡದಿ ಇರುವ ಮೈಸೂರು ರಸ್ತೆಯಲ್ಲೇ, ರಾಮೋಹಳ್ಳಿ ಕ್ರಾಸಿನಲ್ಲಿ, ದಂತ ವೈದ್ಯಕೀಯ ಕಾಲೇಜೊಂದಿದೆ. ನುರಿತ ಕೈಗಳು ದೂರವಿಲ್ಲ.

ಪ್ರಾಥಮಿಕ ಶಾಲೆ ಮುಗಿಸಿ ಪ್ರೌಢಶಾಲೆಗೆ ಹೋಗುವಾಗ ಮಗುವಿನ ದಾಖಲೆ ಹಿಂದೆಯೇ ಉಳಿಯದಂತೆ ನೋಡಿಕೊಳ್ಳಬೇಕು. ನಾಲ್ಕು ಮೊದಲ ದವಡೆಹಲ್ಲುಗಳ ಸ್ಥಿತಿಯನ್ನು ವರ್ಗಾವಣೆ ಪತ್ರದ ಜೊತೆ ಒಂದು ಹಾಳೆಯಲ್ಲಿ ಕಳಿಸಿದರೆ, ಮೂರು ವರ್ಷದ ನಂತರ ಅದೇ ಮಗುವಿನ ಅದೇ ಹಲ್ಲನ್ನು ಮತ್ತೆ ನೋಡಲು ಸಾಧ್ಯ.