ಸರ್ವೆ ನಂಬರು ಕೇಳದ ಗುಮಾಸ್ತ: ‘ಗಿಟ್ ಪುಶ್’ ಬದಲಾದ ಕಥೆ

ಒಬ್ಬರಿಗೆ ಶಿಕಾರಿಪುರ ತಾಲ್ಲೂಕಿನಲ್ಲಿ ಎರಡು ಸರ್ವೆ ನಂಬರು, ಸೊರಬದಲ್ಲಿ ಒಂದು ಜಮೀನು ಇದೆ ಅಂತಿಟ್ಟುಕೊಳ್ಳಿ. ಕಚೇರಿಗೆ ಹೋಗಿ ‘ಖಾತೆ ಬದಲಾಯಿಸಿ ಕೊಡಿ ಸಾರ್’ ಅಂತ ಮಾತ್ರ ಅಂದ್ರೆ ಏನಾಗುತ್ತೆ? ಯಾವ ಗ್ರಾಮ, ಯಾವ ಸರ್ವೆ ನಂಬರು, ಯಾವ ಹಿಸ್ಸಾ ಅಂತ ಕೇಳ್ತಾರೆ. ಹೇಳಿದ ಮೇಲೂ ನೋಟಿಸು, ತಕರಾರಿಗೆ ಕಾಲಾವಕಾಶ. ಆಮೇಲೇ ಪಹಣಿಯಲ್ಲಿ ಹೆಸರು ಬದಲಾಗೋದು. ನಾವು ಬೈಕೊಂಡು ಓಡಾಡೋದು ಬೇರೆ ವಿಷಯ. ಆದರೆ ‘ಯಾವುದು?’ ಅಂತ ನಿಂತು ಕೇಳುವ ಈ ಗುಣ, ಜಗತ್ತಿನ ಸಾಫ್ಟ್‌ವೇರ್ ಮಂದಿ ದಿನಾ ಬಳಸುವ ಒಂದು ಆಜ್ಞೆಗೆ 2014ರವರೆಗೂ ಇರಲಿಲ್ಲ.

ಆ ತಂತ್ರಾಂಶದ ಹೆಸರು ಗಿಟ್. ಪಹಣಿಯನ್ನೂ ಮ್ಯುಟೇಶನ್ ರಿಜಿಸ್ಟರನ್ನೂ ಒಟ್ಟಿಗೆ ಹೊಲಿದ ಹಾಗೆ ಅನ್ನಿ. ಕಡತ ಈಗ ಹೇಗಿದೆ, ಯಾರು ಯಾವಾಗ ಏನು ಬದಲಾಯಿಸಿದರು, ಎಲ್ಲ ಅದರಲ್ಲಿರುತ್ತೆ. ಲಿನಕ್ಸ್ ಕೆಲಸಕ್ಕೆ ಅಂತ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಶುರು ಮಾಡಿದರು. ಅದೇ ಜುಲೈನಿಂದ ಉಸ್ತುವಾರಿ ಜುನಿಯೊ ಹಮಾನೊ ಅವರದು. ಒಂದೇ ಕೆಲಸದ ಬೇರೆ ಬೇರೆ ಕವಲುಗಳಿಗೆ ಬ್ರಾಂಚ್ ಅಂತಾರೆ. ನಮ್ಮ ಕಂಪ್ಯೂಟರಿನಲ್ಲಿರೋದನ್ನ ಸರ್ವರ್‌ಗೆ ಕಳಿಸುವ ಆಜ್ಞೆ ‘ಗಿಟ್ ಪುಶ್’.

ಹಿಂದೆ ಬರೀ ‘ಗಿಟ್ ಪುಶ್’ ಅಂತ ಟೈಪ್ ಮಾಡಿದ್ರೆ, ನೀವು ಕೆಲಸ ಮಾಡ್ತಿದ್ದ ಬ್ರಾಂಚ್ ಒಂದೇ ಅಲ್ಲ, ಸರ್ವರ್‌ನಲ್ಲಿ ಅದೇ ಹೆಸರಿನ ಜೋಡಿ ಇರುವ ಎಲ್ಲ ಬ್ರಾಂಚ್‌ಗಳೂ ಹೊರಡ್ತಿದ್ದವು. ಇದಕ್ಕೆ ‘ಮ್ಯಾಚಿಂಗ್’ ಅಂತ ಹೆಸರು. ಮೂರ್ಖತನ ಅಲ್ಲ ಅದು. ತನ್ನದೇ ಸಂಗ್ರಹ, ತಾನೊಬ್ಬನೇ ಪ್ರಕಟಿಸೋದು ಅನ್ನುವವರಿಗೆ ಒಂದೇ ಏಟಿಗೆ ಎಲ್ಲ ಹೋಗೋದು ಅನುಕೂಲ. ತೊಂದರೆ ಆಗಿದ್ದು ಹತ್ತು ಜನ ಒಂದೇ ಸರ್ವರ್ ಹಂಚಿಕೊಂಡಾಗ. ನೀವು ಮುಟ್ಟದೇ ಹಳಸಿದ ಬ್ರಾಂಚ್ ಕೂಡ ಹೊರಟು, ಸರ್ವರ್ ಅದನ್ನು ತಿರಸ್ಕರಿಸ್ತಿತ್ತು. ಹೊಸಬರು ಗಾಬರಿಯಾಗಿ ‘ಬಲವಂತವಾಗಿ ಕಳಿಸು’ ಅಂದರೆ ಮುಗೀತು, ಸಹೋದ್ಯೋಗಿಯ ಹೊಸ ಕೆಲಸದ ಮೇಲೆ ನಿಮ್ಮ ಹಳೇ ಪ್ರತಿ ಕೂರ್ತಿತ್ತು.

ಹಾಗಾದ್ರೆ ತಕ್ಷಣ ಬದಲಾಯಿಸಬಹುದಿತ್ತಲ್ಲ? ಹಳೇ ಅಭ್ಯಾಸವನ್ನೇ ನಂಬಿ ಬರೆದ ಸ್ಕ್ರಿಪ್ಟ್‌ಗಳು ಎಷ್ಟೋ ಕಡೆ ತಮ್ಮಷ್ಟಕ್ಕೆ ಓಡ್ತಿದ್ದವು. 2008ರ 1.6.0 ಆವೃತ್ತಿಯಲ್ಲಿ, ಅಡ್ಡಗೆರೆ ಹಾಕಿ ಬರೆಯುವ ಹಳೇ ಆಜ್ಞೆಗಳನ್ನು ಮಾಮೂಲಿ ಜಾಗದಿಂದ ಎತ್ತಿಟ್ಟಾಗ ಬಳಕೆದಾರರಿಂದ ಸಾಕಷ್ಟು ಬೈಗುಳ ಬಂದಿತ್ತು. ಆದ್ದರಿಂದ ಈ ಸಲ ನಿಧಾನ. 2009ರ ಮೇನಲ್ಲಿ, ಬೇಕಾದವರು ತಮಗೆ ತಕ್ಕಂತೆ ಆರಿಸಿಕೊಳ್ಳುವ ಸೆಟ್ಟಿಂಗ್ ಬಂತು. 2012ರ ಜೂನ್‌ನಲ್ಲಿ ‘ಸಿಂಪಲ್’ ಎಂಬ ಹೊಸ ಆಯ್ಕೆ: ಈಗಿನ ಬ್ರಾಂಚ್ ಮಾತ್ರ ಕಳಿಸು, ಅಲ್ಲಿ ಬೇರೆ ಹೆಸರಿದ್ದರೆ ನಿಲ್ಲು. ಏನೂ ಆರಿಸದವರಿಗೆ, ಮುಂದೆ ನಡವಳಿಕೆ ಬದಲಾಗುತ್ತೆ ಅನ್ನೋ ಎಚ್ಚರಿಕೆ ಪರದೆ ಮೇಲೆ ಬರ್ತಾನೇ ಇತ್ತು. 2014ರ ಮೇ 28ಕ್ಕೆ ಗಿಟ್ 2.0 ಬಿಡುಗಡೆ; ಅವತ್ತಿಂದ ಸಿಂಪಲ್ಲೇ ಮಾಮೂಲು.

ನನ್ನ ಪ್ರಕಾರ ಇದೇ ನ್ಯಾಯ. ಅನುಭವಿಗೆ ಸೆಟ್ಟಿಂಗ್ ಎಲ್ಲಿದೆ ಅಂತ ಗೊತ್ತು, ಒಂದು ಸಾಲು ಬರೆದು ಹಳೇದನ್ನೇ ಇಟ್ಟುಕೊಳ್ತಾನೆ. ಹೊಸಬನಿಗೆ ಸೆಟ್ಟಿಂಗ್ ಅಂತ ಒಂದಿದೆ ಅನ್ನೋದೇ ಗೊತ್ತಿರಲ್ಲ. ಆದರೂ ಐದು ವರ್ಷ ಜಾಸ್ತಿಯಾಯ್ತು ಅನಿಸುತ್ತೆ; ಆ ಐದು ವರ್ಷ ಪೆಟ್ಟು ತಿಂದವರು ಹೊಸಬರೇ ತಾನೇ.

ಸಿಂಪಲ್ ಅಂದ ಮಾತ್ರಕ್ಕೆ ಸಲೀಸು ಅಂತಲ್ಲ. ಈ ಕಾರ್ಯಕ್ರಮದ ಸ್ಕ್ರಿಪ್ಟ್‌ಗಳನ್ನ ನಾನೂ ಗಿಟ್‌ನಲ್ಲೇ ಇಡ್ತೀನಿ. ಮೊದಲ ಸಲ ಹೊಸ ಬ್ರಾಂಚ್ ಮಾಡಿ ಪುಶ್ ಅಂದಾಗ, ಇದು ಸರ್ವರ್‌ನ ಯಾವ ಬ್ರಾಂಚ್‌ಗೆ ಸೇರಬೇಕು ಅಂತ ಹೇಳಿಲ್ಲ ಅಂತ ನಿಂತುಬಿಡ್ತು. ಟೈಪ್ ಮಾಡಬೇಕಾದ ಉದ್ದ ಆಜ್ಞೆಯನ್ನ ತಾನೇ ಕೆಳಗೆ ಬರೆದು ತೋರಿಸಿತ್ತು, ಪುಣ್ಯ. ಅದನ್ನೂ ತಪ್ಪಿಸುವ ಸೆಟ್ಟಿಂಗ್ 2022ರ ಜೂನ್‌ನಲ್ಲಿ, 2.37ರಲ್ಲಿ ಬಂತು. ಆದರೆ ಅದು ತಾನಾಗಿ ಚಾಲೂ ಇರಲ್ಲ, ನಾವೇ ಹುಡುಕಿ ಹಾಕ್ಕೋಬೇಕು.